ಹಂದಿಮರಿಯ ಜೊತೆ ಮಾತಾಡಿದ ಮರ್ಲಿನ್

(ಓದುಗರ ಕೂಟವೊಂದರಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಹೊತ್ತು ಸಾಲದೆ ಅವತ್ತು ಬಿಟ್ಟ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಹಳೆಯ ಲೆಕ್ಕದ ಪುಸ್ತಕದಿಂದ ಶುರುಮಾಡುತ್ತೇನೆ. ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಹಂಟಿಂಗ್‌ಫೀಲ್ಡ್ ಎಂಬ ಜಹಗೀರು ಇತ್ತು. ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಜಮೀನಿನ ದಾಖಲೆಗೆ ಹೊದಿಕೆ ಬೇಕಾಯಿತು. ಯಾರೋ ಒಂದು ಹಳೆಯ ಕಥೆಪುಸ್ತಕದ ಚರ್ಮದ ಹಾಳೆ ತೆಗೆದು, ಮಡಿಸಿ, ದಾರ ಹಾಕಿ ಹೊಲಿದು ರಟ್ಟು ಮಾಡಿಕೊಂಡರು. ಫ್ರೆಂಚಿನ ಆ ಕಥೆ ಅವರಿಗೆ ಬೇಡವಾಗಿತ್ತು, ಚರ್ಮ ಗಟ್ಟಿಯಾಗಿತ್ತು, ಅಷ್ಟೇ. 2019ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದು ಕಣ್ಣಿಗೆ ಬಿತ್ತು. ಬಿಡಿಸಲು ಹೋದರೆ ಹರಿದುಹೋಗುತ್ತದೆ. ಹಾಗಾಗಿ ಬಿಡಿಸದೆಯೇ ಓದಿದರು. ಸಿ.ಟಿ. ಸ್ಕ್ಯಾನ್ ಮಾಡಿದರು, ಮಡಿಕೆಗಳ ಒಳಗನ್ನು ಕನ್ನಡಿ, ಪಟ್ಟಕಗಳ ಸಹಾಯದಿಂದ ಫೋಟೊ ತೆಗೆದರು, ತುಣುಕು ತುಣುಕಾಗಿ ಕಂಪ್ಯೂಟರಿನಲ್ಲಿ ಜೋಡಿಸಿದರು. 2025ರ ಮಾರ್ಚಿನಲ್ಲಿ ಅದು ಎಲ್ಲರೂ ನೋಡುವಂತೆ ಅಂತರ್ಜಾಲಕ್ಕೆ ಬಂತು. ಆ ಹಾಳೆ ಬರೆದದ್ದು 1275ರಿಂದ 1315ರ ನಡುವೆ.

ಅದರಲ್ಲಿ ಏನಿದೆ? ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನ ಆಸ್ಥಾನದಲ್ಲಿ ಹಬ್ಬದೂಟ ನಡೆಯುತ್ತಿದೆ. ಮೊದಲ ಬಡಿಸುವಿಕೆ ಆಗುತ್ತಿರುವಾಗ ಬಾಗಿಲಲ್ಲಿ ಒಬ್ಬ ಹಾರ್ಪ್ ವಾದಕ ಬಂದು ನಿಲ್ಲುತ್ತಾನೆ. ಅಷ್ಟು ಚೆಲುವನನ್ನು ಅಲ್ಲಿ ಯಾರೂ ಕಂಡಿಲ್ಲ. ರೇಷ್ಮೆಯ ನಿಲುವಂಗಿ, ಅದರ ಮೇಲೆ ಚಿನ್ನ, ಹರಳು ಕೂರಿಸಿದ ಪಟ್ಟಿ. ಅದರ ಹೊಳಪಿಗೆ ಇಡೀ ಕೋಣೆ ಬೆಳಗುತ್ತದೆ. ಆದರೆ ಅವನಿಗೆ ಕಣ್ಣಿಲ್ಲ. ಯುದ್ಧದಲ್ಲಿ ನಿನ್ನ ಬಾವುಟ ಹಿಡಿಯುವ ಅವಕಾಶ ನನಗೆ ಕೊಡು ಎಂದು ಅವನು ರಾಜನನ್ನು ಕೇಳುತ್ತಾನೆ. ಕುರುಡನಿಗೆ ಬಾವುಟ ಕೊಡುವುದು ಹೇಗೆ ಎನ್ನುತ್ತಾನೆ ರಾಜ. ವಾದಕ ಮಾಯವಾಗುತ್ತಾನೆ. ಅದೇ ಕಥೆಯಲ್ಲಿ ಮುಂದೆ ತಲೆ ಬೋಳಾಗುತ್ತಿರುವ ಒಬ್ಬ ಪುಟ್ಟ ಹುಡುಗ ಬಂದು ಅದೇ ಬೇಡಿಕೆ ಇಡುತ್ತಾನೆ. ಆಗ ಆರ್ಥರನಿಗೆ ಹೊಳೆಯುತ್ತದೆ: ಇವನು ಮರ್ಲಿನ್.

ಆರ್ಥರನ ಮಾಂತ್ರಿಕ ಮರ್ಲಿನ್ ಅಂದರೆ ಉದ್ದ ಗಡ್ಡ, ಚೂಪು ಟೋಪಿ, ಕೈಯಲ್ಲಿ ಕೋಲು, ಇಷ್ಟೇ ನಮಗೆ ಗೊತ್ತು. ಮಕ್ಕಳ ಪುಸ್ತಕಗಳಿಂದ, ಸಿನಿಮಾಗಳಿಂದ ನಮ್ಮ ಮನೆಗೂ ಬಂದಿರುವ ಚಿತ್ರ ಅದು. ಮಧ್ಯಯುಗದ ಬರಹಗಳಲ್ಲಿ ಅವನು ಒಂದು ರೂಪದಲ್ಲಿ ನಿಂತವನಲ್ಲ. ಮಗು, ಮುದುಕ, ಬಿಕ್ಷುಕ, ದನಗಾಹಿ, ಜಿಂಕೆ, ಎಲ್ಲವೂ ಆಗುತ್ತಾನೆ. ಈ ಎಲ್ಲ ವೇಷಗಳ ಅಡಿಯಲ್ಲಿ ಮೊಟ್ಟಮೊದಲು ಇದ್ದವನು ಮಾಂತ್ರಿಕನೇ ಅಲ್ಲ. ಯುದ್ಧದಲ್ಲಿ ತನ್ನವರ ಹೆಣ ಕಂಡು ಬುದ್ಧಿ ಕದಡಿ ಕಾಡಿಗೆ ಓಡಿದ ಒಬ್ಬ ಮನುಷ್ಯ. ಇವತ್ತು ನಾನು ಅವನನ್ನು ನಿಮಗೆ ತೋರಿಸಬೇಕು.

ಮೊದಲು ಹೆಸರು. ವೇಲ್ಸಿನ ಭಾಷೆಯಲ್ಲಿ ಅವನು ಮರ್ದಿನ್. ವೇಲ್ಸಿನ ನೈಋತ್ಯದಲ್ಲಿ ಕಾರ್ಮಾರ್ದನ್ ಎಂಬ ಊರಿದೆ, ಅಲ್ಲಿಯವರ ಬಾಯಲ್ಲಿ ಅದು ಕೈರ್‌ವರ್ದಿನ್. 'ಮರ್ದಿನನ ಕೋಟೆ' ಎಂದು ಜನ ಅರ್ಥ ಹೇಳುತ್ತಿದ್ದರು. ರೋಮನ್ನರ ಕಾಲಕ್ಕೆ ಹೋದರೆ ಆ ಊರು ಮೊರಿದೂನುಮ್, ಅಂದರೆ ಕಡಲ ಕೋಟೆ. ಮೊರಿದೂನುಮ್ ಜನರ ನಾಲಿಗೆಯಲ್ಲಿ ಸವೆದು 'ಮರ್ದಿನ್' ಆಯಿತು. ಅದು ಕೋಟೆ ಎಂಬುದೇ ಮರೆತುಹೋಗಿ ಹೆಸರಿನ ಮೊದಲಿಗೆ ಇನ್ನೊಮ್ಮೆ 'ಕೈರ್', ಎಂದರೆ ಕೋಟೆ, ಸೇರಿಕೊಂಡಿತು. ಆಮೇಲೆ, ಮರ್ದಿನ್ ಎಂದರೆ ಯಾರು ಎಂಬ ಪ್ರಶ್ನೆ ಎದ್ದು, ಊರಿನ ಹೆಸರಿನಿಂದ ಒಬ್ಬ ಮನುಷ್ಯ ಹುಟ್ಟಿಕೊಂಡ. ವೇಲ್ಸ್ ಭಾಷೆಯ ವಿದ್ವಾಂಸರಲ್ಲಿ ಹಲವರು ಒಪ್ಪುವ ವಿವರಣೆ ಇದು. ಲ್ಯಾಟಿನ್ನಿನಲ್ಲಿ ಬರೆಯುವಾಗ 'ಮರ್ದಿನುಸ್' ಆಗಬೇಕಿದ್ದದ್ದು 'ಮೆರ್ಲಿನುಸ್' ಯಾಕಾಯಿತು ಎನ್ನುವುದಕ್ಕೆ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿದ್ವಾಂಸ ಗಾಸ್ತೊ ಪಾರಿಸ್ ಒಂದು ಊಹೆ ಕೊಟ್ಟ: ಫ್ರೆಂಚ್ ಮಾತಾಡುವ ದೊರೆಗಳ ಕಿವಿಗೆ 'ಮೆರ್ದ್' ಎಂದರೆ ಹೇಲು. ಆದ್ದರಿಂದ ದಕಾರ ಹೋಗಿ ಲಕಾರ ಬಂತು.

ಹೆಸರು ದಕ್ಷಿಣದ್ದು, ಕಥೆ ಮಾತ್ರ ಉತ್ತರದ್ದು. ಈಗಿನ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಗಡಿಯ ಹತ್ತಿರ ಆರ್ಥುರೆಟ್ ಎಂಬ ಜಾಗವಿದೆ. ವೇಲ್ಸಿನವರು ಅದನ್ನು ಆರ್ವ್‌ದೆರಿದ್ ಎನ್ನುತ್ತಿದ್ದರು. ವೇಲ್ಸಿನ ಹಳೆಯ ವರ್ಷಾವಳಿಯಲ್ಲಿ 573ರ ಎದುರಿಗೆ ಅಲ್ಲಿಯ ಯುದ್ಧದ ಹೆಸರಿದೆ. ಅದರ ನಂತರದ ಒಂದು ಪ್ರತಿ ಇನ್ನೂ ಸ್ವಲ್ಪ ಸೇರಿಸುತ್ತದೆ: ಗ್ವೆಂದೊಲೈ ಎಂಬ ದೊರೆ ಬಿದ್ದ, ಮರ್ಲಿನ್‌ಗೆ ಹುಚ್ಚು ಹಿಡಿಯಿತು.

ಆ ಹುಚ್ಚು ಎಂಥದು ಎಂದು ತಿಳಿಯಬೇಕಾದರೆ 'ಕಾರ್ಮಾರ್ದನ್ನಿನ ಕಪ್ಪು ಪುಸ್ತಕ' ನೋಡಬೇಕು. ಸುಮಾರು 1250ರಲ್ಲಿ ಬರೆದ ಹಸ್ತಪ್ರತಿ, ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರೊಳಗಿನ ಪದ್ಯಗಳು ಆ ಪ್ರತಿಗಿಂತ ಹಳೆಯವು. ಒಂದರಲ್ಲಿ ಅವನು ಸೇಬಿನ ಮರದ ಜೊತೆ ಮಾತಾಡುತ್ತಾನೆ, ಇನ್ನೊಂದರಲ್ಲಿ ಹಂದಿಮರಿಯ ಜೊತೆ. ಹಂದಿಮರಿಯ ಪದ್ಯದ ಪ್ರತಿ ನುಡಿಯೂ 'ಕೇಳು, ಪುಟ್ಟ ಹಂದಿಯೇ' ಎಂಬಂತೆ ಶುರುವಾಗುತ್ತದೆ. ಹಿಮ ತೊಡೆಯವರೆಗೆ ಬಂದಿದೆ, ಕೂದಲಿಗೆ ಮಂಜುಗಡ್ಡೆ ಕಟ್ಟಿದೆ. ರಿದರ್ಖ್ ದೊರೆಯ ಬೇಟೆಗಾರರೂ ನಾಯಿಗಳೂ ತನ್ನನ್ನು ಹುಡುಕುತ್ತಿದ್ದಾರೆಂಬ ಭಯ ಅವನಿಗೆ. ಹಾಗಾಗಿ ಹಂದಿಮರಿಗೆ ಬುದ್ಧಿ ಹೇಳುತ್ತಾನೆ, ಬೆಟ್ಟದ ತುದಿಯಲ್ಲಿ ಕೆದಕಬೇಡ, ಮರೆಯಲ್ಲಿ ಇರು ಎಂದು. ಯುದ್ಧದ ದಿನ ತನ್ನ ಕೊರಳಲ್ಲಿ ಚಿನ್ನದ ಕಂಠಿ ಇತ್ತೆಂದು ನೆನೆಯುತ್ತಾನೆ. ತಂಗಿ ಗ್ವೆಂದಿದ್ ತನ್ನನ್ನು ಈಗ ಮಾತಾಡಿಸುವುದಿಲ್ಲ, ಅವಳ ಮಗ ತನ್ನ ಕೈಯಿಂದಲೇ ಸತ್ತ ಎನ್ನುತ್ತಾನೆ. ಹೀಗೆ ಐವತ್ತು ವರ್ಷ ಅಲೆದೆ ಎನ್ನುತ್ತಾನೆ.

ಈ ಪದ್ಯಗಳಲ್ಲಿ ಮಂತ್ರವಿಲ್ಲ, ಕೋಲಿಲ್ಲ. ಅವನಿಗೆ ಇರುವ ಒಂದೇ ಶಕ್ತಿ ಮುಂದಾಗುವುದು ಕಾಣುವುದು, ಕಂಡದ್ದನ್ನು ಒದರುವುದು. ಅದೂ ಅವನು ಬೇಡಿ ಪಡೆದದ್ದಲ್ಲ, ಆ ದಿನ ತಗುಲಿದ ಏಟಿನಿಂದ ಬಂದದ್ದು.

ಇವನಿಗೆ ಸ್ಕಾಟ್ಲೆಂಡಿನಲ್ಲಿ ಒಬ್ಬ ಅವಳಿ ಇದ್ದಾನೆ, ಹೆಸರು ಲೈಲೋಕೆನ್. ಸಂತ ಕೆಂಟಿಗರ್ನನ ಕಥೆಗಳಲ್ಲಿ ಬರುತ್ತಾನೆ. ಬತ್ತಲೆ, ಮೈತುಂಬ ಕೂದಲು. ಸಂತ ಕಾಡಿನಲ್ಲಿ ಅವನನ್ನು ತಡೆದು ನೀನು ಯಾರು ಎಂದು ಕೇಳಿದಾಗ ಅವನು ಹೇಳುವ ಮಾತು ಓದಿದಾಗಲೆಲ್ಲ ನನ್ನ ಕೈ ಪುಟದ ಮೇಲೆ ನಿಂತುಬಿಡುತ್ತದೆ. ಯುದ್ಧದ ನಡುವೆ ಆಕಾಶ ಬಿರಿಯಿತು, ಇಲ್ಲಿ ಸತ್ತವರೆಲ್ಲರ ರಕ್ತಕ್ಕೆ ನೀನೊಬ್ಬನೇ ಹೊಣೆ, ಆದ್ದರಿಂದ ಸಾಯುವ ತನಕ ಮೃಗಗಳ ನಡುವೆ ಇರು ಎಂದು ಮೇಲಿನಿಂದ ಒಂದು ದನಿ ಹೇಳಿತು, ಕತ್ತೆತ್ತಿ ನೋಡಿದರೆ ಕಣ್ಣು ಕೋರೈಸುವಂತೆ ಹೊಳೆಯುವ ಸೈನ್ಯ ಆಕಾಶದ ತುಂಬ ನಿಂತಿತ್ತು ಎನ್ನುತ್ತಾನೆ ಲೈಲೋಕೆನ್. ಬದುಕುಳಿದವನ ಅಪರಾಧಭಾವ ಎಂದು ಇವತ್ತು ವೈದ್ಯರು ಕರೆಯುವುದನ್ನು ಹನ್ನೆರಡನೆಯ ಶತಮಾನದ ಸನ್ಯಾಸಿಗಳು ಹೀಗೆ ಬರೆದಿಟ್ಟರು. ಐರ್ಲೆಂಡಿನಲ್ಲೂ ಸುಯಿವ್ನೆ ಎಂಬ ರಾಜನಿದ್ದಾನೆ. 637ರ ಮಾಗ್ ರಾತ್ ಯುದ್ಧದಲ್ಲಿ ಬುದ್ಧಿ ಕೆಟ್ಟು ಹಕ್ಕಿಯ ಹಾಗೆ ಮರದಿಂದ ಮರಕ್ಕೆ ಹಾರುತ್ತ, ನೀರಸೊಪ್ಪು ತಿಂದುಕೊಂಡು ಅಲೆಯುತ್ತಾನೆ. ಮೂರು ನಾಡು, ಮೂರು ಹೆಸರು, ಒಂದೇ ನೋವು.

ಇದು ಒಂದು ಬೇರು. ಇನ್ನೊಂದು ಬೇರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಸುಮಾರು 830ರ ಲ್ಯಾಟಿನ್ ಬರಹ 'ಬ್ರಿಟನ್ನರ ಇತಿಹಾಸ'ದಲ್ಲಿ ವೋರ್ಟಿಗರ್ನ್ ಎಂಬ ರಾಜ ಬರುತ್ತಾನೆ. ಕಡಲಾಚೆಯಿಂದ ಬಂದ ಸ್ಯಾಕ್ಸನ್ನರಿಗೆ ನಾಡಿನೊಳಗೆ ಜಾಗ ಕೊಟ್ಟು ಈಗ ಅವರಿಗೇ ಹೆದರಿ ಓಡಿದ್ದಾನೆ. ಉತ್ತರ ವೇಲ್ಸಿನ ಬೆಟ್ಟದಲ್ಲಿ ಕೋಟೆ ಕಟ್ಟಿಸಲು ಹೊರಟರೆ, ಕೂಡಿಸಿದ ಕಲ್ಲು ಮರ ರಾತ್ರೋರಾತ್ರಿ ಮಾಯ. ತಂದೆಯಿಲ್ಲದ ಹುಡುಗನ ರಕ್ತ ಅಡಿಪಾಯಕ್ಕೆ ಚಿಮುಕಿಸಬೇಕು ಎಂದರು ಆಸ್ಥಾನದ ಪಂಡಿತರು. ಕೆರೆಗೆ ಸೊಸೆಯನ್ನು ಬಲಿಕೊಟ್ಟ ಹಾಡು ಕೇಳಿ ಬೆಳೆದ ನಮಗೆ ಈ ಮಾತು ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಹುಡುಗ ಬಾಯಿ ತೆರೆಯುತ್ತಾನೆ. ಈ ನೆಲದಡಿ ಏನಿದೆ ಹೇಳಿ ಎಂದು ಪಂಡಿತರನ್ನೇ ಕೇಳುತ್ತಾನೆ. ಅವರಿಗೆ ಗೊತ್ತಿಲ್ಲ. ಕೊಳವಿದೆ, ಅಗೆಯಿರಿ ಎನ್ನುತ್ತಾನೆ. ಕೊಳದಲ್ಲಿ ಸುತ್ತಿಟ್ಟ ಬಟ್ಟೆ, ಬಟ್ಟೆಯೊಳಗೆ ಮಲಗಿದ ಎರಡು ಹುಳ, ಒಂದು ಬಿಳಿ, ಒಂದು ಕೆಂಪು. ಎದ್ದು ಕಾದಾಡುತ್ತವೆ, ಕೊನೆಗೆ ಬಿಳಿಯದನ್ನು ಕೆಂಪು ಅಟ್ಟುತ್ತದೆ. ಕೆಂಪು ನಿನ್ನ ಜನ, ಬಿಳಿ ಸ್ಯಾಕ್ಸನ್ನರು ಎನ್ನುತ್ತಾನೆ ಹುಡುಗ. ಇವನ ಹೆಸರು ಮರ್ಲಿನ್ ಅಲ್ಲ, ಅಂಬ್ರೋಸಿಯಸ್, ವೇಲ್ಸಿನವರಿಗೆ ಎಮ್ರಿಸ್. ಬೆಡ್‌ಗೆಲೆರ್ಟ್ ಊರಿನ ಬಳಿ ಆ ಬೆಟ್ಟಕ್ಕೆ ಇಂದಿಗೂ ದಿನಾಸ್ ಎಮ್ರಿಸ್ ಎಂದೇ ಹೆಸರು. 1950ರ ದಶಕದಲ್ಲಿ ಅಲ್ಲಿ ಉತ್ಖನನ ಮಾಡಿದಾಗ ಹಳೆಯ ಕೋಟೆಯ ಗುರುತುಗಳ ನಡುವೆ ಒಂದು ಕೊಳ ನಿಜವಾಗಿಯೂ ಸಿಕ್ಕಿತು.

ಹುಚ್ಚನನ್ನೂ ಹುಡುಗನನ್ನೂ ಒಂದು ಮಾಡಿದವನು ಮಾನ್ಮತ್‌ನ ಜೆಫ್ರಿ. ಆಕ್ಸ್‌ಫರ್ಡಿನಲ್ಲಿದ್ದ ಪಾದ್ರಿ, ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದವನು. 1130ರ ದಶಕದಲ್ಲಿ ಅವನು ಮೊದಲು ಮರ್ಲಿನ್ನನ ಭವಿಷ್ಯವಾಣಿಗಳನ್ನು ಹೊರತಂದ, ಆಮೇಲೆ ಅವನ್ನು ತನ್ನ 'ಬ್ರಿಟನ್ನಿನ ಅರಸರ ಇತಿಹಾಸ'ದ ನಡುವೆ ಇಟ್ಟ. ಅಂಬ್ರೋಸಿಯಸ್ ಎಂದೂ ಕರೆಯಲ್ಪಡುವ ಮರ್ಲಿನ್ ಎಂದು ಒಂದೇ ಉಸಿರಿನಲ್ಲಿ ಬರೆದು, ಹುಡುಗನನ್ನು ಕಾರ್ಮಾರ್ದನ್ನಿಗೆ ತಂದ. ತಾಯಿ ಒಬ್ಬ ಸನ್ಯಾಸಿನಿ, ರಾಜನ ಮಗಳು. ತಂದೆ ರಾತ್ರಿ ಬರುವ, ಕಣ್ಣಿಗೆ ಕಾಣದ ಒಂದು ಭೂತ. ಹುಳಗಳು ಡ್ರ್ಯಾಗನ್ನುಗಳಾದವು.

ಇಂಗ್ಲೆಂಡಿನ ಪ್ರಾಚೀನ ಕಲ್ಲಿನ ವೃತ್ತ ಸ್ಟೋನ್‌ಹೆಂಜನ್ನು ಮರ್ಲಿನ್ ತಂದ ಎಂಬ ಕಥೆಯೂ ಜೆಫ್ರಿಯದೇ. ಸ್ಯಾಕ್ಸನ್ನರ ಮೋಸಕ್ಕೆ ಬಲಿಯಾದವರಿಗೆ ಸ್ಮಾರಕ ಬೇಕಾಗಿತ್ತು. ಐರ್ಲೆಂಡಿನ ಬೆಟ್ಟದಲ್ಲಿ 'ದೈತ್ಯರ ನೃತ್ಯ' ಎಂಬ ಕಲ್ಲಿನ ವೃತ್ತವಿದೆ, ತನ್ನಿ ಎನ್ನುತ್ತಾನೆ ಮರ್ಲಿನ್. ಹದಿನೈದು ಸಾವಿರ ಸೈನಿಕರು ಹಗ್ಗ, ಏಣಿ ಹಿಡಿದು ಎಳೆದರೂ ಕಲ್ಲು ಮಿಸುಕದು. ಅವನು ನಕ್ಕು, ತನ್ನದೇ ಉಪಕರಣ ಜೋಡಿಸಿ, ಸಲೀಸಾಗಿ ಇಳಿಸಿ ಹಡಗಿಗೆ ಹಾಕಿಸುತ್ತಾನೆ. ಗಮನಿಸಿ, ಜೆಫ್ರಿ ಇಲ್ಲಿ ಮಂತ್ರದ ಮಾತೇ ಆಡುವುದಿಲ್ಲ, ಯುಕ್ತಿಯ ಮಾತಾಡುತ್ತಾನೆ. ಈ ಮರ್ಲಿನ್ ಒಬ್ಬ ಎಂಜಿನಿಯರ್. ಕಲ್ಲು ಪಶ್ಚಿಮದಿಂದ ಬಂತೆಂಬ ಮಾತೂ ಪೂರ್ತಿ ಸುಳ್ಳಲ್ಲ: ಸ್ಟೋನ್‌ಹೆಂಜಿನ ನೀಲಿಕಲ್ಲುಗಳು ಸುಮಾರು 240 ಕಿಲೋಮೀಟರ್ ಆಚೆ, ಪಶ್ಚಿಮ ವೇಲ್ಸಿನ ಪ್ರೆಸೆಲಿ ಬೆಟ್ಟಗಳವು ಎಂದು 1923ರಲ್ಲಿ ಭೂವಿಜ್ಞಾನಿ ಎಚ್.ಎಚ್. ಥಾಮಸ್ ತೋರಿಸಿದರು. ನಡುವೆ ಮಲಗಿರುವ 'ಬಲಿಪೀಠದ ಕಲ್ಲು' ಇನ್ನೂ ದೂರದ್ದು, ಸ್ಕಾಟ್ಲೆಂಡಿನ ಈಶಾನ್ಯದ್ದು ಎಂದು 2024ರಲ್ಲಿ ತಿಳಿಯಿತು.

ಆರ್ಥರನ ಹುಟ್ಟಿಗೂ ಮರ್ಲಿನ್ನೇ ಕಾರಣ. ಊಥರ್ ರಾಜನಿಗೆ ಇನ್ನೊಬ್ಬನ ಹೆಂಡತಿಯ ಮೇಲೆ ಮನಸ್ಸು. ಮರ್ಲಿನ್ ಮದ್ದು ಕೊಟ್ಟು ರಾಜನಿಗೆ ಅವಳ ಗಂಡನ ರೂಪ ಬರಿಸುತ್ತಾನೆ. ಅಹಲ್ಯೆಯ ಮನೆಗೆ ಗೌತಮನ ವೇಷದಲ್ಲಿ ಬಂದ ಇಂದ್ರ ನಿಮಗೆ ನೆನಪಾಗದೆ ಇರುವುದಿಲ್ಲ, ಆದರೆ ಈ ಕಥೆಯಲ್ಲಿ ಶಾಪ ಕೊಡುವವರು ಯಾರೂ ಇಲ್ಲ. ಹೀಗೆ ಆರ್ಥರ್ ಹುಟ್ಟುತ್ತಾನೆ, ಅಲ್ಲಿಗೆ ಮರ್ಲಿನ್ ಪುಸ್ತಕದಿಂದ ಮರೆಯಾಗುತ್ತಾನೆ. ಜೆಫ್ರಿಯ ಇತಿಹಾಸದಲ್ಲಿ ಮರ್ಲಿನ್ನೂ ಆರ್ಥರನೂ ಒಮ್ಮೆಯೂ ಎದುರುಬದುರಾಗುವುದಿಲ್ಲ. ಗುರು-ಶಿಷ್ಯರೆಂದು ನಾವು ಅಂದುಕೊಂಡಿರುವ ಜೋಡಿ ಇನ್ನೂ ಹುಟ್ಟಿರಲಿಲ್ಲ.

ಆ ಪುಸ್ತಕದಲ್ಲಿ ರಾಜಮಹಾರಾಜರನ್ನು ಹಿಡಿದದ್ದು ಭವಿಷ್ಯವಾಣಿಯ ಭಾಗ. ಹಂದಿ, ಸಿಂಹ, ಹದ್ದು, ಡ್ರ್ಯಾಗನ್, ಎಲ್ಲ ಒಗಟು. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದು ಸಾಲಿನ ಕಾರ್ಣಿಕ ನುಡಿದರೆ, ಅದು ಮಳೆಗೋ ರಾಜಕೀಯಕ್ಕೋ ಎಂದು ನಾವು ವಾರಗಟ್ಟಲೆ ಅರ್ಥ ಹಚ್ಚುತ್ತೇವಲ್ಲ, ಯುರೋಪು ಮರ್ಲಿನ್ನನ ಒಗಟುಗಳಿಗೆ ಶತಮಾನಗಟ್ಟಲೆ ಹಾಗೆ ಅರ್ಥ ಹಚ್ಚಿತು. 1155ರಲ್ಲಿ ಜೆಫ್ರಿಯನ್ನು ಫ್ರೆಂಚಿಗೆ ತಂದ ವಾಸ್, ಅರ್ಥ ಬಿಡಿಸಲು ಬಾರದ್ದನ್ನು ಅನುವಾದಿಸಲಾರೆ ಎಂದು ಆ ಭಾಗವನ್ನೇ ಬಿಟ್ಟ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಶತಮಾನದ ಕೊನೆಯಲ್ಲಿ ನ್ಯೂಬರ್ಗ್‌ನ ವಿಲಿಯಂ ಎಂಬ ಸನ್ಯಾಸಿ ಜೆಫ್ರಿಯನ್ನು ಸುಳ್ಳುಗಾರ ಎಂದು ಝಾಡಿಸಿದ. ಕೇಳಿದವರು ಕಡಿಮೆ. ಜೆಫ್ರಿಯ ಇತಿಹಾಸದ 200ಕ್ಕೂ ಹೆಚ್ಚು ಹಸ್ತಪ್ರತಿಗಳು ಇವತ್ತಿಗೂ ಉಳಿದಿವೆ.

ಭೂತಕ್ಕೆ ಹುಟ್ಟಿದವನ ಮಾತನ್ನು ಕ್ರೈಸ್ತರು ನಂಬುವುದು ಹೇಗೆ? ಈ ತೊಡಕನ್ನು ಬಿಡಿಸಿದವನು ಸುಮಾರು 1200ರ ಫ್ರೆಂಚ್ ಕವಿ ರೊಬೆರ್ ದ ಬೊರೋನ್. ಅವನ ಪದ್ಯದಲ್ಲಿ 504 ಸಾಲು ಮಾತ್ರ ಉಳಿದಿದೆ, ಕಥೆ ಪೂರ್ತಿ ಸಿಗುವುದು ಅದರ ಗದ್ಯರೂಪದಲ್ಲಿ. ಕ್ರಿಸ್ತನಿಂದ ಸೋತ ದೆವ್ವಗಳು ಸಭೆ ಸೇರಿ, ನಾವೂ ಕನ್ಯೆಯೊಬ್ಬಳಲ್ಲಿ ನಮ್ಮವನನ್ನು ಹುಟ್ಟಿಸೋಣ ಎಂದು ಸಂಚು ಹೂಡುತ್ತವೆ. ಆ ಹುಡುಗಿ ಒಂದು ರಾತ್ರಿ ಶಿಲುಬೆಯ ಗುರುತು ಹಾಕಿಕೊಳ್ಳದೆ ಮಲಗಿದ್ದೇ ಸಾಕಾಯಿತು. ಬೆಳಗಾದ ಮೇಲೆ ಅವಳು ಬ್ಲೇಜ್ ಎಂಬ ಪಾದ್ರಿಯ ಬಳಿ ಹೋಗಿ ಎಲ್ಲ ಹೇಳಿಕೊಳ್ಳುತ್ತಾಳೆ. ಮಗು ಹುಟ್ಟಿದಾಗ ಮೈತುಂಬ ಕೂದಲು, ಕೂಡಲೇ ದೀಕ್ಷಾಸ್ನಾನ ಆಗುತ್ತದೆ. ದೆವ್ವದಿಂದ ಅವನಿಗೆ ಆದದ್ದೆಲ್ಲ ಗೊತ್ತು, ದೇವರ ದಯೆಯಿಂದ ಆಗಲಿರುವುದೂ ಗೊತ್ತು. ತಾಯಿಯನ್ನು ಸುಡಬೇಕೆಂದು ತೀರ್ಪು ಕಾದಿದೆ. ಹದಿನೆಂಟು ತಿಂಗಳ ಕೂಸನ್ನು ಎತ್ತಿಕೊಂಡು, ನಿನ್ನಿಂದಾಗಿ ಸಾಯುತ್ತೇನಲ್ಲೋ ಎಂದು ಅವಳು ಅಳುತ್ತಾಳೆ. ಕೂಸು ನಕ್ಕು, ಹೆದರಬೇಡಮ್ಮಾ, ನನ್ನ ಕಾರಣಕ್ಕೆ ನೀನು ಸಾಯುವುದಿಲ್ಲ ಎನ್ನುತ್ತದೆ. ಬೆಚ್ಚಿಬಿದ್ದು ಅವಳು ಕೈಬಿಡುತ್ತಾಳೆ. ಕೂಸು ದೊಪ್ಪನೆ ನೆಲಕ್ಕೆ ಬಿದ್ದು, ಎಲ್ಲ ಮಕ್ಕಳ ಹಾಗೆ ಕಿರುಚಿ ಅಳುತ್ತದೆ! ನ್ಯಾಯಾಧೀಶನ ಎದುರು ಅದೇ ಕೂಸು, ನನ್ನ ತಂದೆ ಯಾರೆಂದು ನನಗೆ ಗೊತ್ತು, ನಿಮ್ಮ ತಂದೆ ಯಾರೆಂದು ನಿಮಗೆ ಗೊತ್ತಿಲ್ಲ ಎನ್ನುತ್ತದೆ. ನ್ಯಾಯಾಧೀಶನ ತಾಯಿಯನ್ನು ಕರೆಸುತ್ತಾರೆ. ಅವನು ಊರ ಪಾದ್ರಿಯ ಮಗ ಎಂದು ಹೊರಬೀಳುತ್ತದೆ. ಹುಡುಗಿ ಉಳಿಯುತ್ತಾಳೆ.

ನಿಜವಾದ ಅರಸನೊಬ್ಬನೇ ಕೀಳಬಲ್ಲ, ಕಲ್ಲಿನ ಮೇಲಿನ ಕತ್ತಿ ಮೊದಲು ಬರುವುದೂ ರೊಬೆರನ ಈ ಕಥೆಯಲ್ಲೇ. ರಾಜನ ವೀರರು ಕೂರುವ ದುಂಡು ಮೇಜನ್ನು ಕ್ರಿಸ್ತನ ಕೊನೆಯ ಊಟದ ಮೇಜಿಗೆ ಜೋಡಿಸಿದ್ದೂ ಇಲ್ಲೇ. ಆರ್ಥರ್ ಪಟ್ಟಕ್ಕೆ ಬರುವಂತೆ ಎಲ್ಲವನ್ನೂ ನಡೆಸುವವನು ಈಗ ಮರ್ಲಿನ್. ಅವನು ಹೇಳುತ್ತ ಹೋಗುತ್ತಾನೆ, ಬ್ಲೇಜ್ ಕಾಡಿನಲ್ಲಿ ಕೂತು ಬರೆದುಕೊಳ್ಳುತ್ತಾನೆ. ಕಾಡು ಬಿಟ್ಟಿಲ್ಲ, ನೋಡಿ.

ಮುಂದಿನ ಕೆಲವು ದಶಕಗಳಲ್ಲಿ ಫ್ರೆಂಚ್ ಗದ್ಯಕಥೆಗಳು ಬೆಳೆದು ಹೆಮ್ಮರವಾದವು. ಅವುಗಳಲ್ಲೇ ವಿವಿಯಾನ್ ಬರುತ್ತಾಳೆ. ಬ್ರೋಸೆಲಿಯಾಂದ್ ಕಾಡಿನಲ್ಲಿ ಮರ್ಲಿನ್ ಅವಳಿಗೆ ಮನಸೋಲುತ್ತಾನೆ. ತನ್ನ ವಿದ್ಯೆಯಿಂದಲೇ ಅವಳು ತನ್ನನ್ನು ಸೆರೆಹಾಕುತ್ತಾಳೆ ಎಂಬುದು ಅವನಿಗೆ ಮೊದಲೇ ಗೊತ್ತು, ಆದರೂ ಕಲಿಸುತ್ತಾನೆ. ಮುಳ್ಳುಪೊದೆಯ ನೆರಳಲ್ಲಿ ಅವಳ ಮಡಿಲ ಮೇಲೆ ತಲೆಯಿಟ್ಟು ಮಲಗಿದಾಗ, ಅವಳು ತಲೆಯ ಸೆರಗಿನಿಂದ ಸುತ್ತ ಒಂಬತ್ತು ಸುತ್ತು ಗೆರೆ ಎಳೆಯುತ್ತಾಳೆ. ಎಚ್ಚರವಾದಾಗ ಗಾಳಿಯ ಗೋಡೆಗಳ ನಡುವೆ ಇದ್ದಾನೆ. ಇನ್ನೊಂದು ಪರಂಪರೆಯಲ್ಲಿ ಇದೇ ಕಥೆ ಕಹಿಯಾಗಿದೆ: ಅವನ ಬೆನ್ನುಬೀಳುವಿಕೆ ಸಾಕಾಗಿ, ಹೆದರಿಕೆಯಿಂದ ಅವಳು ಅವನನ್ನು ಗೋರಿಯೊಳಗೆ ಮುಚ್ಚುತ್ತಾಳೆ. ಎರಡನ್ನೂ ಓದಬೇಕು. ಮೊದಲನೆಯದರಲ್ಲಿ ಪ್ರೀತಿ ಇದೆ, ಎರಡನೆಯದರಲ್ಲಿ ಒಬ್ಬ ಹೆಣ್ಣಿನ ಭಯದ ಮಾತೂ ಇದೆ.

ಥಾಮಸ್ ಮ್ಯಾಲರಿ ಹಿಡಿದದ್ದು ಈ ಎರಡನೆಯ ದಾರಿ. ಅವನ ಇಂಗ್ಲಿಷ್ ಕಥನವನ್ನು ಕ್ಯಾಕ್ಸ್‌ಟನ್ 1485ರ ಜುಲೈ 31ರಂದು ಅಚ್ಚು ಮಾಡಿ ಮುಗಿಸಿದ. 21 ಭಾಗಗಳ ಆ ಪುಸ್ತಕದಲ್ಲಿ ಮರ್ಲಿನ್ ನಾಲ್ಕನೆಯ ಭಾಗದ ಆರಂಭದಲ್ಲೇ ಬಂಡೆಯಡಿ ಸೇರುತ್ತಾನೆ. ಅಚ್ಚಾದ ಮೂರು ವಾರಕ್ಕೆ, ಆಗಸ್ಟ್ 22ರಂದು, ವೇಲ್ಸ್ ಮೂಲದ ಹೆನ್ರಿ ಟ್ಯೂಡರ್ ಕೆಂಪು ಡ್ರ್ಯಾಗನ್ನಿನ ಬಾವುಟ ಹಿಡಿದು ಬಾಸ್‌ವರ್ತ್‌ನಲ್ಲಿ ಗೆದ್ದು ಇಂಗ್ಲೆಂಡಿನ ರಾಜನಾದ. ಕೊಳದಲ್ಲಿ ಮಲಗಿದ್ದ ಕೆಂಪು ಹುಳ ಇಂದಿಗೂ ವೇಲ್ಸಿನ ಧ್ವಜದಲ್ಲಿದೆ.

ಒಂದು ಪುಸ್ತಕವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಸುಮಾರು 1150ರಲ್ಲಿ, ವಯಸ್ಸಾದ ಜೆಫ್ರಿ ಮತ್ತೆ ಮರ್ಲಿನ್ನನ ಬಳಿ ಬಂದ. 1,500ಕ್ಕೂ ಹೆಚ್ಚು ಸಾಲಿನ ಲ್ಯಾಟಿನ್ ಕಾವ್ಯ, 'ಮರ್ಲಿನ್ನನ ಜೀವನ'. ಅಷ್ಟು ಹೊತ್ತಿಗೆ ಉತ್ತರದ ಕಾಡಿನ ಕಥೆ ಅವನ ಕೈಸೇರಿತ್ತು. ಇದರಲ್ಲಿ ಮರ್ಲಿನ್ ಒಬ್ಬ ಅರಸ. ಯುದ್ಧದಲ್ಲಿ ಮೂವರು ಸೋದರರು ಸಾಯುತ್ತಾರೆ. ಅವನು ಮೂರು ದಿನ ಊಟ ಬಿಟ್ಟು ಅಳುತ್ತಾನೆ, ಆಮೇಲೆ ಯಾರಿಗೂ ಹೇಳದೆ ಕಾಡು ಸೇರುತ್ತಾನೆ. ಬೇಸಿಗೆಯಲ್ಲಿ ಹಣ್ಣು, ಬೇರು ತಿಂದು ಬದುಕುತ್ತಾನೆ. ಚಳಿಗಾಲ ಬಂದಾಗ, ಇಲ್ಲಿ ಹತ್ತೊಂಬತ್ತು ಸೇಬಿನ ಮರಗಳಿದ್ದವು, ಈಗಿಲ್ಲ, ಯಾರು ಒಯ್ದರು ಎಂದು ಕೇಳುತ್ತಾನೆ. ಹಸಿದು ಸೊರಗಿದ ಮುದಿ ತೋಳವೊಂದನ್ನು ಗೆಳೆಯಾ ಎಂದು ಕರೆದು, ನನಗಿಂತ ಮೊದಲು ನಿನಗೆ ವಯಸ್ಸಾಯಿತಲ್ಲ ಎಂದು ಮರುಗುತ್ತಾನೆ.

ಹಳೆಯ ಪದ್ಯಗಳ ತಂಗಿ ಗ್ವೆಂದಿದ್ ಇಲ್ಲಿ ಗನಿಯೇದಾ, ರಿದರ್ಖ್ ಇಲ್ಲಿ ರೋದಾರ್ಕ್, ಅವಳು ಆ ರಾಜನ ಹೆಂಡತಿ. ಅವಳು ಕಳಿಸಿದವನೊಬ್ಬ ತಂತಿವಾದ್ಯ ನುಡಿಸಿ ಹಾಡಿ ಅವನನ್ನು ಊರಿಗೆ ಕರೆತರುತ್ತಾನೆ. ಜನಜಂಗುಳಿ ಕಂಡೊಡನೆ ಹುಚ್ಚು ಮರಳುತ್ತದೆ, ಸರಪಳಿ ಬೀಳುತ್ತದೆ. ಒಂದು ದಿನ ರಾಜ ಹೆಂಡತಿಯ ಮುಡಿಯಿಂದ ಒಂದು ಎಲೆ ತೆಗೆದು ಬಿಸಾಡುತ್ತಾನೆ. ಮರ್ಲಿನ್ ನಗುತ್ತಾನೆ. ಯಾಕೆ ನಕ್ಕೆ ಎಂದರೆ ಬಿಡುಗಡೆ ಕೊಡುವ ತನಕ ಹೇಳುವುದಿಲ್ಲ. ಕಾರಣ: ಅವಳು ಮರದಡಿ ನಲ್ಲನ ಜೊತೆ ಮಲಗಿದ್ದಾಗ ಅಂಟಿದ ಎಲೆ ಅದು. ಹೂತಿಟ್ಟ ಹಣದ ಮೇಲೆ ಕೂತು ಬೇಡುವ ಬಿಕ್ಷುಕನನ್ನೂ, ಅಂದೇ ಸಾಯಲಿದ್ದು ಚಪ್ಪಲಿಗೆ ತೇಪೆಯ ತೊಗಲು ಕೊಳ್ಳುವ ಯುವಕನನ್ನೂ ಕಂಡು ಅವನು ಹೀಗೇ ನಗುತ್ತಾನೆ. ಯಹೂದಿಗಳ ತಾಲ್ಮುದ್‌ನಲ್ಲಿ ಸೊಲೊಮನ್ ಹಿಡಿದು ತರಿಸಿದ ದೆವ್ವವೂ ಚಪ್ಪಲಿ, ನಿಧಿಗಳನ್ನು ಕಂಡು ಇಂಥದೇ ನಗೆ ನಗುತ್ತದೆ. ಕಥೆಗಳು ಎಷ್ಟು ದೂರ ನಡೆಯುತ್ತವೆ!

ಜಗತ್ತು ಕಲ್ಲು ಹೊತ್ತುತಂದ ಮರ್ಲಿನ್ನನನ್ನು ಇನ್ನೂರಕ್ಕೂ ಹೆಚ್ಚು ಸಲ ನಕಲು ಮಾಡಿಕೊಂಡಿತು. ತೋಳದೊಡನೆ ಮಾತಾಡಿದ ಮರ್ಲಿನ್ನನ ಈ ಕಾವ್ಯ ಪೂರ್ತಿಯಾಗಿ ಉಳಿದಿರುವುದು ಒಂದೇ ಹಸ್ತಪ್ರತಿಯಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ.

ಕಾವ್ಯದ ಕೊನೆಯಲ್ಲಿ ಬೆಟ್ಟದ ಬುಡದಲ್ಲಿ ಹೊಸ ಒರತೆಯೊಂದು ಒಡೆಯುತ್ತದೆ. ಆ ನೀರು ಕುಡಿದು ಮರ್ಲಿನ್ನನ ಬುದ್ಧಿ ತಿಳಿಯಾಗುತ್ತದೆ. ಬಂದು ಮತ್ತೆ ರಾಜ್ಯವಾಳು ಎಂದು ಅವನ ಜನ ಕರೆಯುತ್ತಾರೆ. ಅವನು ಒಪ್ಪುವುದಿಲ್ಲ, ವಯಸ್ಸಾಯಿತು, ಕಾಡೇ ಸಾಕು ಎನ್ನುತ್ತಾನೆ. ಕವಿ ತಲಿಯೆಸಿನ್ ಅವನ ಜೊತೆ ಉಳಿಯುತ್ತಾನೆ. ಗಂಡ ಸತ್ತ ಮೇಲೆ ಗನಿಯೇದಾಳೂ ಅಲ್ಲಿಗೆ ಬಂದಿದ್ದಾಳೆ. ಅಣ್ಣ ನಕ್ಷತ್ರ ನೋಡಲೆಂದು ಅವಳೇ ಹಿಂದೆ ಎಪ್ಪತ್ತು ಬಾಗಿಲು, ಎಪ್ಪತ್ತು ಕಿಟಕಿಗಳ ಮನೆ ಕಟ್ಟಿಸಿಕೊಟ್ಟಿದ್ದಳು, ಅವನು ಹೇಳಿದ್ದನ್ನು ಬರೆದುಕೊಳ್ಳಲು ಎಪ್ಪತ್ತು ಬರಹಗಾರರು. ಒಂದು ದಿನ ಆ ಮನೆಯಲ್ಲಿ ಗನಿಯೇದಾಳ ಮೈಮೇಲೆ ಆವೇಶ ಬರುತ್ತದೆ. ಕಿಟಕಿಗಳ ಕಡೆ ನೋಡುತ್ತ, ನಾಡಿಗೆ ಬರಲಿರುವ ಯುದ್ಧಗಳನ್ನು ಅವಳು ನುಡಿಯತೊಡಗುತ್ತಾಳೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಮರ್ಲಿನ್ ಅವಳ ಹತ್ತಿರ ಹೋಗಿ, ತಂಗೀ, ನನ್ನ ಬಾಯಿಯನ್ನೂ ಪುಸ್ತಕವನ್ನೂ ಮುಚ್ಚಿದ ಆ ಚೇತನ ಈಗ ನಿನ್ನಿಂದ ನುಡಿಸುತ್ತಿದೆಯೇ, ಹಾಗಾದರೆ ಈ ಕೆಲಸ ಇನ್ನು ನಿನ್ನದು, ಸಂತೋಷಪಡು ಎನ್ನುತ್ತಾನೆ.

ನಮಸ್ಕಾರ.